ಬಾಯಿಕುಕ್ಕೆ ಕಟ್ಟಿದ ತಂಡ

ಫೆಬ್ರುವರಿ 6, ಮಂಗಳವಾರ

ಚಳಿ ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗೆ. ಹುಡುಗರು ಹದಿನೆಂಟು, ಬಂದವರು ಹದಿನೇಳು. ಎಮಿಲ್‌ಗೆ ಕೆಮ್ಮು.

ಇನ್ನು ಮೇಲೆ ದಿನದ ಲೆಕ್ಕವನ್ನೆಲ್ಲ ಬರೆದಿಡಬೇಕೆಂದು ಈ ನೋಟ್‌ಬುಕ್ ತೆಗೆದಿದ್ದೇನೆ. ಕಾರಣ ಇದೆ. ಬೆಳಗ್ಗೆ ಕ್ರೀಡಾಶಾಲೆಯ ಡೈರೆಕ್ಟರ್ ತುರಾರ್ ಕರೆಸಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಅದಕ್ಕೇ ಮೊದಲು ಟೀ ಬಗ್ಗಿಸಿ, ರೊಟ್ಟಿ ಮುರಿದಿಟ್ಟು, ನಮ್ಮ ಅಪ್ಪನ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದ.

"ಅಣ್ಣಾ, ಕುಸ್ತಿಯವರು ಈ ಸಲ ಏಳು ಪದಕ ತಂದಿದಾರೆ. ಅವರಿಗೆ ಹಾಲ್ ಸಾಲ್ತಿಲ್ಲ. ನಿಮ್ಮ ಫುಟ್‌ಬಾಲ್ ವಿಭಾಗ ಒಂಬತ್ತು ವರ್ಷದಿಂದ ಏನೂ ತಂದಿಲ್ಲ."

ಏಪ್ರಿಲ್‌ನಲ್ಲಿ ಸರೋವರದ ದಡದ ಬಾಲಿಕ್ಚಿಯ ಟೂರ್ನಿಯಲ್ಲಿ ಮೊದಲ ಎರಡರಲ್ಲಿ ಬಂದರೆ ವಿಭಾಗ ಉಳಿಯುತ್ತದೆ. ಬರದಿದ್ದರೆ ಹಾಲ್ ಕುಸ್ತಿಗೆ, ನಾನು ಮನೆಗೆ, ಹುಡುಗರು ಬೀದಿಗೆ. ಕೊನೆಯ ಎರಡನ್ನು ಅವನು ಹೇಳಲಿಲ್ಲ, ನಾನೇ ಸೇರಿಸಿಕೊಂಡೆ. ಇಪ್ಪತ್ತೆರಡು ವರ್ಷದಿಂದ ಈ ಹಾಲಿನ ಬೀಗದಕೈ ನನ್ನ ಜೇಬಿನಲ್ಲಿದೆ. ಅದಿಲ್ಲದೆ ಕೋಟು ಹಗುರವಾಗಿಬಿಡುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಹೋದ ವರ್ಷ ನಾವು ಸೋತದ್ದು ಕೊನೆಯ ಹತ್ತು ನಿಮಿಷದಲ್ಲಿ. ಉಸಿರು ಮುಗಿದುಹೋಗಿತ್ತು. ಇದನ್ನು ರಾಜಧಾನಿ ಬಿಷ್ಕೆಕ್‌ನಲ್ಲಿರುವ, ಇಂದಿಗೂ ನನ್ನನ್ನು ಅಗಾಯ್, ಮೇಷ್ಟ್ರು ಎಂದೇ ಕರೆಯುವ ಹಳೆಯ ಶಿಷ್ಯ ಮಿರ್ಬೆಕ್‌ಗೆ ಹೇಳಿಕೊಂಡಿದ್ದೆ. ಅವನು ಸಂಜೆಯ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದಾನೆ. ಹದಿನೆಂಟು ಕಪ್ಪು ರಬ್ಬರ್ ಮಾಸ್ಕ್. ಮೂಗು ಬಾಯಿ ಎರಡನ್ನೂ ಮುಚ್ಚುತ್ತವೆ, ಮುಂದೆ ಬಿಲ್ಲೆ ತಿರುಗಿಸಿದರೆ ಗಾಳಿಯ ತೂತು ಸಣ್ಣದಾಗುತ್ತದೆ. ಹಾಕಿಕೊಂಡು ಓಡಿದರೆ ಐದು ಸಾವಿರ ಮೀಟರ್ ಎತ್ತರದಲ್ಲಿ ಓಡಿದ ಹಾಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಕೆಳಗಿನ ಕಣಿವೆಯ ತಂಡಗಳೆಲ್ಲ ಬಳಸುತ್ತಿವೆಯಂತೆ.

ನನ್ನ ಹೆಂಡತಿ ಬುರ್ಮಾ ಒಂದನ್ನು ತಿರುವಿ ಮುರುವಿ ನೋಡಿದಳು. ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್, ಯಾವುದನ್ನು ಕಂಡರೂ ಬೆರಗಾಗುವವಳಲ್ಲ.

"ಅಲ್ಲಾ ರೀ, ಇಷ್ಟೆತ್ತರದ ನಮ್ಮ ನರೀನ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಬೆಟ್ಟದ ಗಾಳೀನ ಪಾರ್ಸೆಲ್‌ನಲ್ಲಿ ತರಿಸಿದ್ರಾ? ಮಿರ್ಬೆಕ್‌ಗೆ ಹೇಳಿ, ಮುಂದಿನ ಸಲ ಒಂದಿಷ್ಟು ಹಿಮಾನೂ ಕಳಿಸಲಿ."

ಆಮೇಲೆ ಸೀರಿಯಸ್ಸಾಗಿ ಹೇಳಿದಳು: ಇದರಲ್ಲಿ ಎತ್ತರ ಗಿತ್ತರ ಏನೂ ಇಲ್ಲ, ಉಸಿರು ಎಳೆಯುವುದು ಕಷ್ಟವಾಗುತ್ತದೆ, ಪಕ್ಕೆಯ ಸ್ನಾಯು ಗಟ್ಟಿಯಾಗಬಹುದು, ಅಷ್ಟೇ. ಯಾರಿಗಾದರೂ ತಲೆ ತಿರುಗಿದರೆ ತಕ್ಷಣ ಬಿಚ್ಚಬೇಕು. ಬಿಚ್ಚಿಸುತ್ತೇನೆ ಎಂದು ಮಾತು ಕೊಟ್ಟೆ.

ಫೆಬ್ರುವರಿ 7, ಬುಧವಾರ

ಬೀಪ್ ಓಟದ ಪರೀಕ್ಷೆ: ಇಪ್ಪತ್ತು ಮೀಟರ್ ಆಚೆ ಈಚೆ, ಬೀಪ್ ಬೇಗಬೇಗ ಆಗುತ್ತ ಹೋಗುತ್ತದೆ, ನಿಂತವನು ಔಟ್. ತಂಡದ ಸರಾಸರಿ 7.4 ಹಂತ. ಇದು ಆರಂಭದ ಅಂಕಿ.

ಮಾಸ್ಕ್ ಹಂಚಿದೆ. ಗೋಲ್‌ಕೀಪರ್ ಬಾಯೆಲ್ ಹಾಕಿಕೊಂಡು ಕನ್ನಡಿ ಹುಡುಕಿಕೊಂಡು ಹೋದ. ಅರ್ಗೆನ್ ಮಾತ್ರ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಅಗಾಯ್, ಇದು ಹಾಕ್ಕೊಂಡ್ರೆ ಕೂಗೋದು ಹೇಗೆ?"

"ಕೂಗಬೇಡ."

"ಹಿಂದ್ಗಡೆ ನಿಲ್ಲೋನು ನಾನು. ನಾನು ಕೂಗ್ದಿದ್ರೆ ಮುಂದಿರೋರಿಗೆ ಹೇಗೆ ಗೊತ್ತಾಗುತ್ತೆ?"

"ಕಣ್ಣು ಯಾತಕ್ಕಿದೆ? ಇದು ದನದ ಸಂತೆ ಅಲ್ಲ."

ಅರ್ಗೆನ್‌ಗೆ ಹದಿಮೂರು. ಒಳ್ಳೆಯ ಡಿಫೆಂಡರ್, ಆದರೆ ಬಾಯಿ ಬಿಟ್ಟರೆ ಗೋಡೆಯ ಸುಣ್ಣ ಉದುರಬೇಕು. ಅವನ ತಾಯಿ ಬಜಾರಿನ ಗೇಟಿನಲ್ಲಿ ಒಣಮೊಸರಿನ ಉಂಡೆ ಮಾರುತ್ತಾಳೆ, ಕೂಗುವ ವಿದ್ಯೆ ಎದೆಹಾಲಿನ ಜೊತೆಗೇ ಬಂದಿದೆ. ನನಗೆ ಗದ್ದಲ ಆಗದು. ಮೈದಾನದಲ್ಲಿ ಚೆಂಡಿನ ಸದ್ದು, ನನ್ನ ವಿಸಿಲ್, ಇವೆರಡೇ ಸಾಕು ಎನ್ನುವವನು ನಾನು.

ಕೊನೆಗೆ ಹಾಕಿಕೊಂಡ. ನಲವತ್ತು ನಿಮಿಷ ಆಡಿದರು. ಇಬ್ಬರನ್ನು ಕೂರಿಸಬೇಕಾಯಿತು, ಐದು ನಿಮಿಷದಲ್ಲಿ ಸರಿಹೋದರು. ಹಾಲಿನಲ್ಲಿ ಇಷ್ಟು ಶಾಂತಿಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಫೆಬ್ರುವರಿ 15, ಗುರುವಾರ

ಬಂದವರು ಹದಿನೆಂಟು. ಮಾಸ್ಕ್ ಸಮಯ ನಲವತ್ತೈದು ನಿಮಿಷ, ಬಿಲ್ಲೆ ಎರಡನೆಯ ಗುರುತಿಗೆ.

ಅಪ್ಪ ಮನೆಯಲ್ಲಿ ಕೂತು ಬೇಜಾರು ಎಂದು ಹಟ ಹಿಡಿದ, ಕರೆದುಕೊಂಡು ಹೋದೆ. ಎಂಬತ್ತನಾಲ್ಕು ವಯಸ್ಸು, ಕಣ್ಣು ಮಾತ್ರ ಇನ್ನೂ ಹದ್ದಿನದು. ಅರವತ್ತು ವರ್ಷ ಓಟದ ಕುದುರೆಗಳನ್ನು ತಯಾರು ಮಾಡಿದವನು. ಯಾವ ಕುದುರೆಗೆ ಎಷ್ಟು ಮೇವು, ಎಷ್ಟು ಬೆವರು, ಯಾವ ದಿನ ಓಟಕ್ಕೆ ಬಿಡಬೇಕು ಎನ್ನುವುದನ್ನು ಲದ್ದಿ ಮೂಸಿ ಹೇಳುತ್ತಿದ್ದ. ಬೆಂಚಿನ ಮೇಲೆ ಕೋಲೂರಿ ಕೂತು ಹುಡುಗರನ್ನು ನೋಡಿದ.

"ಬಾಯಿಕುಕ್ಕೆ ಯಾಕೆ ಕಟ್ಟಿದೀಯ ಇವಕ್ಕೆ?"

"ಉಸಿರಿಗೆ ಅಪ್ಪ. ಗಟ್ಟಿಯಾಗಲಿ ಅಂತ. ನೀನೂ ಕಟ್ತಿದ್ದೆಯಲ್ಲ ಕುದುರೆಗೆ."

"ನಾನು ಕಟ್ತಿದ್ದದ್ದು ಓಟದ ಹಿಂದಿನ ದಿನ, ಹುಲ್ಲಿಗೆ ಬಾಯಿ ಹಾಕದಿರಲಿ ಅಂತ. ಇವ್ರೇನು ಈ ನೆಲದ ಹಲಗೆ ತಿಂತಾರಾ? ಓಡುವಾಗ ಕಟ್ಟಿದೋನನ್ನ ನಾನು ನೋಡಿಲ್ಲಪ್ಪ. ಉಸಿರು ಕೇಳಿಸದಿದ್ರೆ ಕುದುರೆ ಏನ್ ಹೇಳ್ತಿದೆ ಅಂತ ನಿಂಗೆ ಹೇಗೆ ಗೊತ್ತಾಗಬೇಕು?"

"ಅದಕ್ಕೆ ಅಂಕಿ ಇದೆ" ಎಂದು ನೋಟ್‌ಬುಕ್ ತೋರಿಸಿದೆ. ಅಪ್ಪನಿಗೆ ಓದಲು ಬರುತ್ತದೆ, ಆದರೂ ತಲೆಕೆಳಗಾಗಿ ಹಿಡಿದು ನೋಡಿ ವಾಪಸು ಕೊಟ್ಟ. ಬೇಕೆಂದೇ ಮಾಡಿದ್ದು.

ಹಳೆಯ ಕಾಲದವರಿಗೆ ಇದು ಅರ್ಥವಾಗುವುದಿಲ್ಲ.

ಫೆಬ್ರುವರಿ 28, ಬುಧವಾರ

ಸರಾಸರಿ 8.1.

ಎರಡು ಸಲ ಕೂಡಿಸಿ ನೋಡಿದೆ. ಸರಿ ಇದೆ. ಮೂರು ವಾರದಲ್ಲಿ ಇಷ್ಟು. ಬಾಯೆಲ್ ಎಂಟು ದಾಟಿದ. ಅರ್ಗೆನ್ 9.2. ಎಮಿಲ್ ಕೂಡ, ಆ ಕಡ್ಡಿ ಮೈಯಲ್ಲಿ, 7.8. ಖುಷಿಯಾಯಿತು. ಬರುವಾಗ ಅಂಗಡಿಯಲ್ಲಿ ಬುರ್ಮಾಳಿಗೆ ಇಷ್ಟವಾದ ಹಲ್ವಾ ತಂದೆ. "ಯಾರು ಸತ್ರು?" ಎಂದಳು.

ಮಾರ್ಚ್ 3, ಶನಿವಾರ

ಅರ್ಗೆನ್ ಬಟ್ಟೆ ಬದಲಿಸುವ ಕೋಣೆಯಲ್ಲೂ ಮಾತಾಡುವುದಿಲ್ಲ ಈಗ. ಶಿಸ್ತು ಬರುತ್ತಿದೆ.

ಮಾರ್ಚ್ 10, ಶನಿವಾರ

ಕೊಚ್ಕೋರ್ ಊರಿನ ಹುಡುಗರ ಜೊತೆ ಅಭ್ಯಾಸದ ಆಟ. ಅವರ ಮೈದಾನದಲ್ಲಿ ಹಿಮ ಸರಿಸಿದ್ದರು. 0–3.

ಸೋಲಿಗೆ ಕಾರಣ ಬರೆಯುತ್ತೇನೆ, ತಲೆ ತಣ್ಣಗಿದೆ.

ಮೊದಲ ಗೋಲು: ಎತ್ತರದ ಚೆಂಡು ಬಂತು. ಬಾಯೆಲ್ ಮುಂದೆ ಬಂದ, ಅರ್ಗೆನ್ ಹಿಂದೆ ಹೋದ, ಇಬ್ಬರೂ ಡಿಕ್ಕಿ. ಬಾಯೆಲ್‌ನ ತುಟಿ ಒಡೆಯಿತು, ಚೆಂಡು ನಿಧಾನವಾಗಿ ಉರುಳಿಕೊಂಡು ಒಳಗೆ ಹೋಯಿತು. ಎರಡನೆಯದು: ಎಮಿಲ್ ಮತ್ತು ಇನ್ನೊಬ್ಬ, ಅವನು ತಗೋತಾನೆ ಎಂದು ಇವನು, ಇವನು ತಗೋತಾನೆ ಎಂದು ಅವನು, ಇಬ್ಬರೂ ಬಿಟ್ಟರು. ಮೂರನೆಯದೂ ಹೆಚ್ಚುಕಡಿಮೆ ಹಾಗೆಯೇ. ಉಸಿರಿನ ತೊಂದರೆ ಅಲ್ಲ. ಕೊನೆಯ ಹತ್ತು ನಿಮಿಷ ನಮ್ಮವರೇ ಹೆಚ್ಚು ಓಡಿದರು. ಕೊಚ್ಕೋರಿನವರು ಕಾಗೆಗಳ ಹಾಗೆ ಕಿರುಚುತ್ತಲೇ ಇದ್ದರು, ನಮ್ಮ ಕಡೆ ಎಷ್ಟು ನಿಶ್ಶಬ್ದವೆಂದರೆ ಬೂಟಿನ ಕೆಳಗೆ ಹಿಮ ಕರಕರ ಎನ್ನುವುದು ನನಗೆ ಅಂಚಿನಲ್ಲಿ ಕೇಳಿಸುತ್ತಿತ್ತು. ಆ ಒಂದು ವಿಷಯದಲ್ಲಿ ಹೆಮ್ಮೆಯಾಯಿತು.

ಗಮನ ಸಾಲದು. ಮಾಸ್ಕ್ ಸಮಯವನ್ನು ಅರವತ್ತು ನಿಮಿಷಕ್ಕೆ ಏರಿಸುತ್ತೇನೆ.

ಬಸ್ಸಿನಲ್ಲಿ ಬಾಯೆಲ್ ತುಟಿಗೆ ಹಿಮ ಒತ್ತಿಕೊಂಡು ಅರ್ಗೆನ್ ಪಕ್ಕದಲ್ಲೇ ಕೂತಿದ್ದ. ಮೂರು ಗಂಟೆಯ ದಾರಿ, ಒಬ್ಬರಿಗೊಬ್ಬರು ಒಂದು ಮಾತು ಆಡಲಿಲ್ಲ. ಜಗಳವಾಡಿದ್ದರೆ ಬಿಡಿಸಬಹುದಿತ್ತು.

ಮಾರ್ಚ್ 21, ಬುಧವಾರ. ನೌರೂಜ್

ಇವತ್ತು ಅಂಕಿ ಇಲ್ಲ, ವಸಂತದ ಹೊಸವರ್ಷದ ರಜೆ.

ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟ. ಅಪ್ಪನನ್ನು ಕಂಬಳಿ ಸುತ್ತಿ ಕರೆದುಕೊಂಡು ಹೋದೆ. ನಾನು ಓಟಗಳಿಗೆ ಹೋಗುವುದು ಬಿಟ್ಟು ಬಹಳ ವರ್ಷವಾಗಿದೆ. ನಮ್ಮ ಹುಡುಗರಲ್ಲಿ ಹತ್ತು ಹನ್ನೆರಡು ಜನ ಅಲ್ಲಿದ್ದರು, ಕೈಯಲ್ಲಿ ಮೊಳಕೆಗೋಧಿಯ ಹಬ್ಬದ ಗಂಜಿ, ಬಿಸಿ ಸುಮೊಲೊಕ್ ಬಟ್ಟಲು, ಬೆರಳಿನಲ್ಲಿ ನೆಕ್ಕುತ್ತ ನಮ್ಮ ಪಕ್ಕಕ್ಕೆ ಬಂದು ನಿಂತರು.

ಹದಿನೆಂಟು ಕಿಲೋಮೀಟರಿನ ಓಟ. ಕೊನೆಯ ತಿರುವಿನಲ್ಲಿ ಮುಂದಿದ್ದ ಬೂದು ಕುದುರೆ ದಣಿದುಹೋಯಿತು. ಮೇಲೆ ಕೂತಿದ್ದ ಹುಡುಗನಿಗೆ ಹತ್ತು ವರ್ಷ ಇದ್ದೀತು, ತಲೆ ಜೋಲುತ್ತಿತ್ತು. ಆಗ ಅವನ ಕಡೆಯ ನಾಲ್ಕೈದು ಸವಾರರು ತಮ್ಮ ಕುದುರೆಗಳನ್ನು ಎದುರಿಗೆ ಓಡಿಸಿಕೊಂಡು ಹೋಗಿ ಎರಡೂ ಪಕ್ಕಕ್ಕೆ ಸೇರಿಕೊಂಡು ಕೂಗತೊಡಗಿದರು. ಕುಲದ ಹಿರಿಯನ ಹೆಸರು, ಹುಡುಗನ ಹೆಸರು, ಕುದುರೆಯ ಹೆಸರು, ಒಂದೇ ಸಮನೆ. ಸುರೊ ಕೂಗುವುದು ಎಂದರೆ ಇದೇ, ದಣಿದ ಕುದುರೆಗೆ ಕೂಗಿನಿಂದ ಬಲ ಕೊಡುವುದು. ಅಪ್ಪನೂ ಎದ್ದು ನಿಂತು, ಯಾರದೋ ಕುದುರೆಗೆ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದ. ಕುದುರೆಯ ಕಿವಿ ನಿಮಿರಿತು. ಹುಡುಗನ ತಲೆ ನೆಟ್ಟಗಾಯಿತು.

ಅಪ್ಪ ಕೆಮ್ಮುತ್ತ ಅರ್ಗೆನ್‌ನ ಬೆನ್ನಿಗೆ ಒಂದು ಗುದ್ದಿದ.

"ಕೂಗೋ ಮರಿ, ನಿಂಗೆ ಗಂಟಲಿಲ್ವಾ? ಗೋಡೆ ಸುಣ್ಣ ಉದುರಿಸೋ ಹುಡುಗ ನೀನೇ ಅಂತಿದ್ನಲ್ಲ ನಮ್ಮೋನು."

ಅರ್ಗೆನ್ ನನ್ನ ಕಡೆ ನೋಡಿದ. ಆಮೇಲೆ ಮೆಲ್ಲಗೆ ಅಪ್ಪನಿಗೆ ಹೇಳಿದ: "ಬೇಡ ಅಜ್ಜ. ಅಗಾಯ್‌ಗೆ ಸೇರಲ್ಲ."

ಇಲ್ಲಿ ನಾನು ಹೇಳಿದ್ದನ್ನು ಹುಡುಗ ತಪ್ಪು ತಿಳಿದುಕೊಂಡಿದ್ದಾನೆ. ಹಾಲಿನಲ್ಲಿ ಬೇಡ ಎಂದಿದ್ದೆ, ಕುದುರೆ ಓಟದಲ್ಲಿ ಬೇಡ ಎಂದಿರಲಿಲ್ಲ. ಅದನ್ನು ಅವನಿಗೆ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪ ನನ್ನ ಮುಖ ನೋಡುತ್ತಿದ್ದ. ನಾನು ಸುಮೊಲೊಕ್ ತರುತ್ತೇನೆಂದು ಎದ್ದು ಹೋದೆ.

ಮಾರ್ಚ್ 23, ಶುಕ್ರವಾರ

ಹೊಸ ಲೆಕ್ಕ. ಮಾಸ್ಕ್ ಬಿಚ್ಚಿಸಿ ನಲವತ್ತು ನಿಮಿಷ ಆಡಿಸಿದೆ. ಹದಿನೆಂಟು ಹುಡುಗರು ಒಬ್ಬರನ್ನೊಬ್ಬರು ಎಷ್ಟು ಸಲ ಕರೆಯುತ್ತಾರೆ ಎಂದು ಗೀಟು ಹಾಕುತ್ತ ಕೂತೆ.

ನಾಲ್ಕು.

ಅದರಲ್ಲಿ ಒಂದು ಸೀನು. ತೆಗೆದರೆ ಮೂರು.

ಎರಡು ಸಲ ಡಿಕ್ಕಿಯಾದರು. ಕೊಚ್ಕೋರಿನಲ್ಲಿ ಆದದ್ದು ಏನೆಂದು ಆಗ ತಿಳಿಯಿತು. ಉಸಿರನ್ನು ಅಳೆಯುತ್ತ ಕೂತವನು, ಹುಡುಗರು ಅದೇ ಉಸಿರಿನಿಂದಲೇ ಕರೆಯಬೇಕು ಎನ್ನುವುದನ್ನು ಮರೆತಿದ್ದೆ. ಸರಿಯಾಗಿ ಬರೆಯಬೇಕೆಂದರೆ, ಮರೆತಿರಲಿಲ್ಲ. ಬೇಡವಾಗಿತ್ತು ನನಗೆ. ಮಾಸ್ಕ್ ಬಂದದ್ದು ಒಂದು ನೆಪ.

ಬಾಲಿಕ್ಚಿಗೆ ಉಳಿದದ್ದು ಇಪ್ಪತ್ತೆರಡು ದಿನ.

ಮಾರ್ಚ್ 26, ಸೋಮವಾರ

"ಇವತ್ತಿನಿಂದ ಕೂಗಿ" ಎಂದೆ. ಯಾರೂ ಕೂಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಕೂಗಬೇಡಿ ಎಂದರೆ ಒಂದು ದಿನದಲ್ಲಿ ಕಲಿತ ಮಕ್ಕಳು, ಕೂಗಿ ಎಂದರೆ ಕಲಿಯುತ್ತಿಲ್ಲ.

"ಏನಂತ ಕೂಗೋದು ಅಗಾಯ್?" ಎಂದ ಎಮಿಲ್.

"ಹೆಸರು. ಆಮೇಲೆ ಏನು ಮಾಡಬೇಕೋ ಅದು. ಬಾಯೆಲ್, ಬಿಡು. ಎಮಿಲ್, ಹಿಂದೆ ಬಂದ. ಅಷ್ಟೇ."

"ನೀವು ಒಂದ್ಸಲ ತೋರಿಸಿ."

ಹದಿನೆಂಟು ಜೊತೆ ಕಣ್ಣು. ನಾನು ಹಾಲಿನ ಮಧ್ಯೆ ನಿಂತು ಎದೆ ಉಬ್ಬಿಸಿ "ಅರ್ಗೆನ್, ಎಡಕ್ಕೆ" ಎಂದೆ. ಬಂದ ದನಿ ಬಾಗಿಲ ಕೀಲಿನದು. ಒಂದು ಕ್ಷಣ ಎಲ್ಲರೂ ತಡೆದುಕೊಂಡರು, ಆಮೇಲೆ ಬಾಯೆಲ್ ನೆಲಕ್ಕೆ ಕುಕ್ಕರಿಸಿ ನಕ್ಕ. ಅವನ ಹಿಂದೆ ಎಲ್ಲರೂ. ಅರ್ಗೆನ್ ಮಾತ್ರ ನಗಲಿಲ್ಲ. ಹತ್ತಿರ ಬಂದು, ಚಿಕ್ಕವರಿಗೆ ಹೇಳಿಕೊಡುವ ಹಾಗೆ ಹೇಳಿದ.

"ಗಂಟಲಿಂದ ಅಲ್ಲ ಅಗಾಯ್. ಹೊಟ್ಟೆಯಿಂದ. ನಮ್ಮಮ್ಮ ಹೇಳೋದು, ಬಜಾರಿನ ಆ ತುದೀಲಿ ಹೋಗ್ತಿರೋ ಹೆಂಗಸಿನ ಬೆನ್ನು ನೋಡ್ಕೊಂಡು ಕೂಗಬೇಕಂತೆ. ಅವಳು ತಿರುಗೋವರೆಗೂ."

ಹೊಟ್ಟೆಯಿಂದ ಕೂಗಿದೆ. ಎಂಟನೆಯ ಸಲಕ್ಕೆ, ಹಾಲಿನ ಆ ಬದಿಯಲ್ಲಿ ಕುಸ್ತಿ ಆಡುತ್ತಿದ್ದವನೊಬ್ಬ ತಿರುಗಿ ನೋಡಿದ.

ಕೊನೆಯ ಹತ್ತು ನಿಮಿಷದ ಆಟದಲ್ಲಿ ಕರೆದದ್ದು: ಹತ್ತೊಂಬತ್ತು.

ಏಪ್ರಿಲ್ 1, ಭಾನುವಾರ

ಬೆಳಗ್ಗೆ ಟೀ ಕುಡಿಯುತ್ತ ಅಪ್ಪನನ್ನು ಕೇಳಿದೆ. ನಲವತ್ತೈದು ವರ್ಷದಿಂದ ಕೇಳದೇ ಇದ್ದದ್ದು.

ನನಗೆ ಹನ್ನೊಂದು ಆಗ. ಅಪ್ಪನ ಕಂದು ಕುದುರೆಯ ಮೇಲೆ ನನ್ನನ್ನೇ ಕೂರಿಸಿದ್ದ. ಸೆಪ್ಟೆಂಬರ್, ಬರೀ ಧೂಳು. ಕೊನೆಯಲ್ಲಿ ಎರಡೂ ಪಕ್ಕದಲ್ಲಿ ಕೂಗಾಟ, ಕುದುರೆಯ ಕಡಿವಾಣ ಹಿಡಿದು ಎಳೆದಾಟ. ಗೆದ್ದೆವು. ಗೆರೆ ದಾಟಿ ಇಪ್ಪತ್ತು ಹೆಜ್ಜೆಗೆ ಕುದುರೆ ಬಿದ್ದು ಸತ್ತಿತು. ನಾನು ಅದರ ಕೆಳಗೆ ಕಾಲು ಸಿಕ್ಕಿಕೊಂಡು ಬಿದ್ದಿದ್ದೆ, ಸುತ್ತಲೂ ಜನ ಇನ್ನೂ ಕೂಗುತ್ತಲೇ ಇದ್ದರು. ಆ ವರ್ಷವೇ ಕುದುರೆ ಬಿಟ್ಟು ಚೆಂಡು ಹಿಡಿದೆ. ಗದ್ದಲ ಆಗದು ಎನ್ನುವುದು ಆಗಿನಿಂದ. ಅಪ್ಪ ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ.

"ನೀವೆಲ್ಲ ಸೇರಿ ಕೂಗಿ ಕೂಗಿ ಸಾಯಿಸಿದ್ರಿ ಅದನ್ನ" ಎಂದೆ.

ಅಪ್ಪ ಸಕ್ಕರೆಯ ತುಂಡನ್ನು ಬಾಯಿಗೆ ಹಾಕಿಕೊಂಡ.

"ಸತ್ತದ್ದು ನನ್ನ ತಪ್ಪು. ಇನ್ನೂ ಹತ್ತು ದಿನ ಬೇಕಿತ್ತು ಅದಕ್ಕೆ. ಅವಸರ ಮಾಡಿದೆ" ಎಂದ. "ಆದ್ರೆ ನಾನು ಕೂಗಿದ್ದು ಕುದುರೇನ ಅಲ್ಲ. ನೀನು ಅದರ ಮೇಲೆ ಕಣ್ಣು ಮುಚ್ಚಿಕೊಂಡಿದ್ದೆ. ಬೀಳ್ತಿದ್ದೆ. ಹಿಂದೆ ನಲವತ್ತು ಕುದುರೆ ಬರ್ತಿದ್ವು. ಕೊನೆಯ ಮೂರು ಕಿಲೋಮೀಟರ್ ಪೂರ್ತಿ ನಾನು ಕೂಗಿದ್ದು ಒಂದೇ ಹೆಸರು, ನಿಂದು. ಶಾರ್ಶೆನ್, ಶಾರ್ಶೆನ್ ಅಂತ. ಕೇಳಿಸ್ಲಿಲ್ವಾ ನಿಂಗೆ?"

ಕೇಳಿಸಿರಲಿಲ್ಲ. ಗದ್ದಲ ಮಾತ್ರ ಕೇಳಿಸಿತ್ತು.

ಅಪ್ಪನಿಗೆ ಇನ್ನೊಂದು ಬಟ್ಟಲು ಟೀ ಬಗ್ಗಿಸಿದೆ. ಸ್ವಲ್ಪ ಚೆಲ್ಲಿತು, ಬುರ್ಮಾ ಒರೆಸಿದಳು.

ಏಪ್ರಿಲ್ 7, ಶನಿವಾರ

ಮಾಸ್ಕ್ ಈಗ ದಿನಕ್ಕೆ ಹತ್ತು ನಿಮಿಷ. ಕೂತುಕೊಂಡು ಉಸಿರಾಡುವುದಕ್ಕೆ, ಅಷ್ಟೇ. ಅದರಿಂದ ಏನೂ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ, ಹುಡುಗರು ಆಳವಾಗಿ ಉಸಿರು ಎಳೆಯುವುದನ್ನು ಕಲಿತಿದ್ದಾರೆ. ಆಮೇಲೆ ಪೆಟ್ಟಿಗೆಯೊಳಗೆ.

ಉಳಿದ ಹೊತ್ತೆಲ್ಲ ಸಂತೆ. ಬಾಯೆಲ್ ಈಗ ಗೋಲಿನಿಂದ ಎಲ್ಲರನ್ನೂ ಬೈಯುತ್ತಾನೆ. ಎಮಿಲ್ ಚೆಂಡು ಬೇಕೆಂದರೆ "ಇಲ್ಲಿ ಇಲ್ಲಿ ಇಲ್ಲಿ" ಎಂದು ಮೂರು ಸಲ ಅನ್ನುತ್ತಾನೆ, ಒಂದು ಸಾಕೆಂದರೆ ಕೇಳುವುದಿಲ್ಲ. ಅರ್ಗೆನ್ ಆಟದ ನಡುವೆ ಕುಸ್ತಿಯವರಿಗೂ ಸಲಹೆ ಕೊಡುತ್ತಾನೆ. ಕುಸ್ತಿಯ ಕೋಚ್ ಬಂದು ನನ್ನ ಹತ್ತಿರ ದೂರಿದ. ಬಾಯಿಗೆ ಬಂದ ನಗುವನ್ನು ನುಂಗಿಕೊಂಡು, ಹೇಳ್ತೀನಿ ಬಿಡಿ ಎಂದೆ. ಹೇಳಲಿಲ್ಲ.

ಕರೆದದ್ದನ್ನು ಎಣಿಸುವುದು ನೂರಾದ ಮೇಲೆ ನಿಲ್ಲಿಸಿದೆ.

ಏಪ್ರಿಲ್ 14, ಶನಿವಾರ. ಬಾಲಿಕ್ಚಿ

ಎರಡು ಆಟ, ಎರಡೂ ಗೆದ್ದೆವು. 2–0, 1–0. ನಾಳೆ ಸೆಮಿಫೈನಲ್, ಕಣಿವೆಯ ತೊಕ್ಮೊಕ್ ತಂಡದ ಜೊತೆ. ಅದನ್ನು ಗೆದ್ದರೆ ಎರಡರೊಳಗೆ ಬಂದ ಹಾಗೆ.

ಇಲ್ಲಿಯ ಗಾಳಿ ಊಟದ ತಟ್ಟೆಯನ್ನೂ ಬಿಡುವುದಿಲ್ಲ. ಸರೋವರದ ಕಡೆಯಿಂದ ಒಂದೇ ಸಮನೆ. ಹುಡುಗರು ಮಲಗಿದ್ದಾರೆ, ನಿದ್ದೆಯಲ್ಲೂ ಯಾರೋ "ಬಿಡು ಬಿಡು" ಎಂದ.

ಏಪ್ರಿಲ್ 15, ಭಾನುವಾರ. ಬಸ್ಸಿನಲ್ಲಿ

1–2.

ತೊಕ್ಮೊಕ್ ಹುಡುಗರು ಕುತ್ತಿಗೆಗೆ ಅವೇ ಕಪ್ಪು ಮಾಸ್ಕ್ ನೇತುಹಾಕಿಕೊಂಡು ಬಂದಿದ್ದರು. ನಮ್ಮವರಿಗಿಂತ ಒಂದು ಗೇಣು ಎತ್ತರ. ಮೊದಲ ಗೋಲು ಅವರದು. ಗಾಳಿ ಅಡ್ಡಕ್ಕೆ ಹೊಡೆಯುತ್ತಿತ್ತು, ಅರ್ಗೆನ್ ಕೂಗಿದ್ದು ಮಧ್ಯದ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ನಾನು ಗಾಳಿ ಬರುವ ಬದಿಯ ಅಂಚಿಗೆ ಹೋಗಿ ನಿಂತು ಅವನ ಮಾತನ್ನು ಮುಂದಕ್ಕೆ ಕೂಗಿದೆ. ಪೂರ್ತಿ ಎಪ್ಪತ್ತು ನಿಮಿಷ. ರೆಫ್ರಿ ಎರಡು ಸಲ ಬಂದು ಎಚ್ಚರಿಸಿದ. ಎಮಿಲ್‌ನ ಗೋಲು ಅರವತ್ತನೆಯ ನಿಮಿಷದಲ್ಲಿ: ಹಿಂದೆ ಯಾರೂ ಇಲ್ಲ, ತಿರುಗು ಎಂದು ಮೂವರು ಒಟ್ಟಿಗೆ ಹೇಳಿದರು, ತಿರುಗಿ ಹೊಡೆದ.

ಅರವತ್ತೆಂಟನೆಯ ನಿಮಿಷಕ್ಕೆ ಅವರ ಒಬ್ಬ ಹುಡುಗ ದೂರದಿಂದ ಹೊಡೆದ. ಒಳ್ಳೆಯ ಹೊಡೆತ. ಬಾಯೆಲ್ ಹಾರಿದ, ಬೆರಳಿಗೆ ತಾಗಿತು, ಒಳಗೆ ಹೋಯಿತು. ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಇಡೀ ಆಟದಲ್ಲಿ ಒಂದು ಚೆಂಡನ್ನೂ ನಮ್ಮವರು ನೀನು ನಾನು ಎಂದು ಬಿಡಲಿಲ್ಲ, ಒಬ್ಬರ ಮೇಲೊಬ್ಬರು ಬೀಳಲಿಲ್ಲ.

ಮಧ್ಯಾಹ್ನ ಮೂರನೇ ಸ್ಥಾನದ ಆಟ, 3–0. ಗೆದ್ದು ಮೂರನೆಯವರಾದೆವು. ಒಂದು ಕಂಚಿನ ಬಟ್ಟಲು ಕೊಟ್ಟಿದ್ದಾರೆ, ಹುಡುಗರು ಸರದಿಯ ಮೇಲೆ ತೊಡೆಯಲ್ಲಿಟ್ಟುಕೊಳ್ಳುತ್ತಿದ್ದಾರೆ.

ವಿಭಾಗ ಹೋಯಿತು. ಹುಡುಗರಿಗೆ ಗೊತ್ತು. ಆದರೂ ಬಸ್ಸಿನಲ್ಲಿ ಗದ್ದಲವೋ ಗದ್ದಲ, ಪ್ರತಿಯೊಂದು ಚೆಂಡನ್ನೂ ಮತ್ತೆ ಆಡುತ್ತಿದ್ದಾರೆ. ಡ್ರೈವರ್ ನನ್ನ ಕಡೆ ನೋಡಿ, ಸ್ವಲ್ಪ ಸುಮ್ಮನಿರಿಸಿ ಎಂದ. ಆಗಲ್ಲ ಎಂದು ತಲೆಯಾಡಿಸಿದೆ. ಬೀಪ್ ಓಟದ ಪರೀಕ್ಷೆ ಈ ತಿಂಗಳು ಮಾಡೇ ಇಲ್ಲ ಎಂದು ಈಗ ನೆನಪಾಯಿತು.

ಏಪ್ರಿಲ್ 16, ಸೋಮವಾರ

ದನಿ ಇಲ್ಲ. ಪೂರ್ತಿ ಇಲ್ಲ. ಬುರ್ಮಾ ಟಾರ್ಚ್ ಹಿಡಿದು ಗಂಟಲು ನೋಡಿ ತಲೆ ಚಚ್ಚಿಕೊಂಡಳು.

"ಇಷ್ಟು ವರ್ಷ ಮಾತಾಡದೆ ಉಳಿಸಿಟ್ಟಿದ್ದನ್ನೆಲ್ಲ ಒಂದೇ ದಿನ ಖರ್ಚು ಮಾಡ್ಕೊಂಡು ಬಂದ್ರಾ? ಒಂದು ವಾರ ಪಿಟ್ ಅನ್ನಬಾರ್ದು. ಪಿಸುಗುಟ್ಟೋದೂ ಬೇಡ."

ಅಪ್ಪ ಬಿಸಿ ಹಾಲಿಗೆ ಕುರಿಯ ಬಾಲದ ಕೊಬ್ಬು ಕರಗಿಸಿ ಕುಡಿಸಿದ. ಕುದುರೆಗೂ ಇದನ್ನೇ ಕೊಡುತ್ತಿದ್ದೆ ಎಂದ.

ಬುಧವಾರ ಹತ್ತಕ್ಕೆ ತುರಾರ್ ಬರಹೇಳಿದ್ದಾನೆ. ಹೇಳಬೇಕಾದದ್ದು ಬಹಳ ಇದೆ. ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಏಪ್ರಿಲ್ 18, ಬುಧವಾರ

ಹಾಳೆ ಕೊಟ್ಟೆ. ತುರಾರ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. 7.4, 8.1, ಮೂರು ಗೆಲುವು, ಮೂರನೇ ಸ್ಥಾನ. ಮಡಿಸಿ ಮೇಜಿನ ಮೇಲಿಟ್ಟ.

"ಅಣ್ಣಾ, ಇದನ್ನ ನಾನು ಮೇಲಿನವರಿಗೆ ತೋರಿಸಿದ್ರೆ, ಎರಡು ಅಂದಿದ್ವಿ, ಮೂರು ಬಂತು ಅಂತಾರೆ. ನಂಗೂ ಬೇಜಾರಿದೆ."

ನನ್ನ ಹತ್ತಿರ ಉತ್ತರ ಇತ್ತು. ಗಂಟಲು ಇರಲಿಲ್ಲ. ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟೆ.

ಆಗ ಬಾಗಿಲು ತೆರೆಯಿತು. ಅರ್ಗೆನ್. ಶಾಲೆಯ ಸಮವಸ್ತ್ರ, ಟೋಪಿ ಕೈಯಲ್ಲಿ. ಹಿಂದೆ ಬಾಯೆಲ್, ಕಾರಿಡಾರಿನ ತುಂಬ ಹುಡುಗರು, ಮೆಟ್ಟಿಲ ಮೇಲೂ. ನಾನು ಕರೆದಿರಲಿಲ್ಲ. ಈ ಹೊತ್ತಿನಲ್ಲಿ ಅವರು ಗಣಿತದ ಪಾಠದಲ್ಲಿರಬೇಕಿತ್ತು.

"ಯಾರೋ ನಿಮ್ಮನ್ನ ಬಿಟ್ಟಿದ್ದು?" ಎಂದ ತುರಾರ್.

"ಸಲಾಂ ಸರ್. ಅಗಾಯ್‌ಗೆ ಮಾತಾಡೋಕಾಗಲ್ಲ, ಅದಕ್ಕೆ ನಾವು ಬಂದ್ವಿ."

"ಮಾತು ಮುಗೀತಪ್ಪ. ಮೂರನೇ ಸ್ಥಾನ ಬಂದಿದ್ದೀರಿ."

"ಗೊತ್ತು ಸರ್. ಅದಕ್ಕೇ ಪೂರ್ತಿ ಹಾಲ್ ಕೇಳ್ತಿಲ್ಲ. ಬೆಳಗ್ಗೆ ಆರರಿಂದ ಏಳೂವರೆ. ಆವಾಗ ಕುಸ್ತಿಯೋರು ಮಲಗಿರ್ತಾರೆ. ವಾರಕ್ಕೆ ಆರು ದಿನ."

"ಚಳಿಗಾಲದಲ್ಲಿ ಆರು ಗಂಟೆಗೆ ಬಿಸಿ ಇರಲ್ಲ ಅಲ್ಲಿ. ಒಲೆ ಹಚ್ಚೋದು ಎಂಟಕ್ಕೆ."

"ಬಿಸಿ ಬೇಡ ನಮಗೆ. ಬಿಸಿ ಬಿಟ್ಟುಕೊಡ್ತಿದೀವಲ್ಲ, ಆ ಲೆಕ್ಕಕ್ಕೆ ಇನ್ನೊಂದು ದಿನ ಸೇರಿಸಿ."

"ವಾರಕ್ಕೆ ಇರೋದೇ ಏಳು ದಿನ ಕಣೋ."

"ಹಾಗಾದ್ರೆ ಏಳು."

ತುರಾರ್‌ಗೆ ನಗು ಬಂತು, ತಡೆದುಕೊಂಡ. "ಎರಡು ದಿನ."

"ಎರಡು ಅಂದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸಲ್ಲ ಸರ್. ಐದು."

ಮೂರಕ್ಕೆ ನಿಂತಿತು. ಸೋಮವಾರ, ಬುಧವಾರ, ಶುಕ್ರವಾರ. ತುರಾರ್ ಬೀಗದಕೈಯನ್ನು ಬೆರಳಿನಿಂದ ನನ್ನ ಕಡೆ ತಳ್ಳಿದ, ಆದರೆ ಕೈ ತೆಗೆಯಲಿಲ್ಲ.

"ಅಣ್ಣಾ, ಕಾಗದದಲ್ಲಿ ವಿಭಾಗ ಮುಚ್ಚಿದ್ದೇ. ಜೂನ್ ಆದ್ಮೇಲೆ ನಿಮ್ಮ ಹುದ್ದೆ ಇರಲ್ಲ, ಸಂಬಳ ಇರಲ್ಲ. ಬೆಳಗ್ಗೆ ಐದಕ್ಕೆ ಏಳಬೇಕು ಈ ವಯಸ್ಸಲ್ಲಿ. ಹುಡುಗರು ಏನೋ ಹೇಳಿದ್ರು. ನೀವೇನಂತೀರಿ?"

ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಹುಡುಗರೆಲ್ಲ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ತಲೆಯಾಡಿಸಿದೆ.

ಅರ್ಗೆನ್ ಹಿಂದೆ ತಿರುಗಿ ಕಾರಿಡಾರಿನ ಕಡೆ ಕೂಗಿದ: "ಹೂಂ ಅಂದ್ರು."

"ಹೂಂ ಅಂದ್ರು" ಎಂದ ಬಾಯೆಲ್, ಹೊಟ್ಟೆಯಿಂದ. ಅವನ ಹಿಂದಿದ್ದವನು, ಅವನ ಹಿಂದಿದ್ದವನು, ಒಬ್ಬರಿಂದ ಒಬ್ಬರಿಗೆ ಮೆಟ್ಟಿಲಿಳಿದು ಹೊರಬಾಗಿಲಿನವರೆಗೂ ಹೋಯಿತು. ಅಂಗಳದಲ್ಲಿ ಯಾರೋ ಕೊನೆಯ ಸಲ ಕೂಗಿದ್ದು ಕಿಟಕಿಯಿಂದ ಕೇಳಿಸಿತು. ಎಮಿಲ್‌ನ ದನಿ ಇರಬೇಕು, ಮೂರು ಸಲ ಹೇಳಿದ.

ಮೆಟ್ಟಿಲಿಳಿಯುವಾಗ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಹುಡುಗರ ಎದುರಿಗೇ ಅತ್ತೆ. ಒರೆಸಿಕೊಳ್ಳಲಿಲ್ಲ.

ಶುಕ್ರವಾರದಿಂದ ಶುರು. ಬುರ್ಮಾ ಐದಕ್ಕೆ ಅಲಾರಂ ಇಟ್ಟಿದ್ದಾಳೆ.